ನಿಜವಾದ ಸ್ನೇಹಿತ ಯಾರು? ಕ್ರೈಸ್ತ ವಿಶ್ವಾಸದ ಬೆಳಕಿನಲ್ಲಿ ಸ್ನೇಹ

ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು, ಗಾಯನ ಮಂಡಳಿಯಲ್ಲಿ ಜೊತೆಗೆ ಹಾಡಿದವರು, ಗಲ್ಫ್ ದೇಶದ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಬಾಳಿದವರು, ವಾಳೆಯ ಕೂಟದಲ್ಲಿ ಪರಿಚಯವಾದವರು - ಇವರೆಲ್ಲರನ್ನೂ ನಾವು ಸ್ನೇಹಿತರೆಂದೇ ಕರೆಯುತ್ತೇವೆ. ಆದರೆ ಮನೆಯಲ್ಲಿ ಕಾಯಿಲೆ ಬಂದಾಗ, ಕೆಲಸ ಹೋದಾಗ, ಹೆಸರಿಗೆ ಕಳಂಕ ತಗಲಿದಾಗ ಅವರಲ್ಲಿ ಎಷ್ಟು ಮಂದಿ ಬಾಗಿಲಿಗೆ ಬರುತ್ತಾರೆ? ಅದಕ್ಕಿಂತ ಮುಖ್ಯವಾಗಿ, ಇತರರ ಕಷ್ಟಕಾಲದಲ್ಲಿ ನಾವು ಎಷ್ಟು ಮಂದಿಯ ಬಾಗಿಲಿಗೆ ಹೋಗಿದ್ದೇವೆ?

ಈ ಪ್ರಶ್ನೆಗೆ ಪವಿತ್ರ ಬೈಬಲ್, ಸಂತರ ಜೀವನ ಮತ್ತು ಧರ್ಮಸಭೆಯ ಬೋಧನೆ ಏನು ಉತ್ತರ ಕೊಡುತ್ತವೆ ಎಂಬುದನ್ನು ಇಲ್ಲಿ ಸಂಗ್ರಹಿಸಿದ್ದೇವೆ. ಯುವಜನರ ಸಭೆ, ಕಿರು ಕ್ರೈಸ್ತ ಸಮುದಾಯ ಹಾಗೂ ಕ್ರೈಸ್ತ ಶಿಕ್ಷಣದ ತರಗತಿಗಳಲ್ಲಿ ಚರ್ಚಿಸಲು ಇದು ನೆರವಾಗಬಹುದು.

ಯೋನಾತಾನ ಮತ್ತು ಯೋನಾದಾಬ

ಬೈಬಲ್ಲಿನಲ್ಲಿ ಸ್ನೇಹ ಎಂದೊಡನೆ ನೆನಪಾಗುವುದು ದಾವೀದ ಮತ್ತು ಯೋನಾತಾನರ ಸ್ನೇಹ. ಯೋನಾತಾನ ಸೌಲ ರಾಜನ ಮಗ, ಸಿಂಹಾಸನಕ್ಕೆ ಹಕ್ಕುದಾರ. ದಾವೀದ ಬದುಕಿದ್ದರೆ ತನಗೆ ಪಟ್ಟ ಸಿಗದು ಎಂಬುದು ಅವನಿಗೆ ಗೊತ್ತಿತ್ತು. ತಂದೆಯೇ ಅದನ್ನು ಅವನ ಮುಖಕ್ಕೆ ಹೇಳಿದ (1 ಸಮುವೇಲ 20:31). ಆದರೂ ಅವನು ತನ್ನ ನಿಲುವಂಗಿಯನ್ನೂ ಆಯುಧಗಳನ್ನೂ ದಾವೀದನಿಗೆ ಕೊಟ್ಟ, ತಂದೆಯ ಮುಂದೆ ಅವನ ಪರವಾಗಿ ಮಾತನಾಡಿದ, ಅದಕ್ಕಾಗಿ ತಂದೆ ಎಸೆದ ಈಟಿಯನ್ನೂ ಎದುರಿಸಿದ. ದಾವೀದ ಕಾಡಿನಲ್ಲಿ ಅಡಗಿದ್ದಾಗ ಅವನನ್ನು ಹುಡುಕಿಕೊಂಡು ಹೋಗಿ ದೇವರಲ್ಲಿ ಭರವಸೆ ಇಡುವಂತೆ ಧೈರ್ಯ ತುಂಬಿದ (1 ಸಮುವೇಲ 23:16-18). ಹಾಗೆಂದು ತಂದೆಯನ್ನು ಅವನು ಬಿಟ್ಟುಹೋಗಲಿಲ್ಲ. ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ತಂದೆಯೊಂದಿಗೇ ಮಡಿದ. ಸ್ನೇಹಕ್ಕಾಗಿ ಕುಟುಂಬವನ್ನಾಗಲಿ, ಕುಟುಂಬಕ್ಕಾಗಿ ಸತ್ಯವನ್ನಾಗಲಿ ಅವನು ಕೈಬಿಡಲಿಲ್ಲ.

ಇದೇ ದಾವೀದನ ಮನೆಯಲ್ಲಿ ಇನ್ನೊಬ್ಬ ಸ್ನೇಹಿತನ ಕಥೆಯೂ ಇದೆ. ದಾವೀದನ ಮಗ ಅಮ್ನೋನನಿಗೆ ಯೋನಾದಾಬನೆಂಬ ಗೆಳೆಯನಿದ್ದ. ಗೆಳೆಯನ ಮುಖ ಬಾಡಿರುವುದನ್ನು ಮೊದಲು ಗಮನಿಸಿದವನು ಅವನೇ. ಕಾರಣ ಕೇಳಿದವನೂ ಅವನೇ. ಆದರೆ ಕಾರಣ ತಿಳಿದ ಮೇಲೆ ಅವನು ಕೊಟ್ಟದ್ದು ಕೆಟ್ಟ ಉಪಾಯ. ಅದರ ಫಲವಾಗಿ ತಾಮಾರಳ ಬಾಳು ಹಾಳಾಯಿತು, ಕೊನೆಗೆ ಅಮ್ನೋನನ ಕೊಲೆಯೂ ನಡೆಯಿತು (2 ಸಮುವೇಲ 13). ಗೆಳೆಯನ ಆಸೆಯನ್ನೆಲ್ಲ ಪೂರೈಸುವವನು ಒಳ್ಳೆಯ ಗೆಳೆಯ ಎಂಬ ಭ್ರಮೆಗೆ ಈ ಅಧ್ಯಾಯವೇ ಉತ್ತರ.

ಯೋಬನ ಮೂವರು ಸ್ನೇಹಿತರಿಂದಲೂ ಪಾಠವಿದೆ. ಅವನ ಸಂಕಟವನ್ನು ಕೇಳಿ ಅವರು ಊರಿನಿಂದ ಹೊರಟು ಬಂದರು. ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ನೆಲದ ಮೇಲೆ ಕುಳಿತರು (ಯೋಬ 2:11-13). ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ನಿನ್ನ ಪಾಪಕ್ಕೇ ಈ ಶಿಕ್ಷೆ ಎಂದು ವಾದಿಸಿದರು. ಕೊನೆಯಲ್ಲಿ ದೇವರು ಗದರಿಸಿದ್ದು ಈ ಸ್ನೇಹಿತರನ್ನು. ಸಾವಿನ ಮನೆಗೆ, ಆಸ್ಪತ್ರೆಗೆ ಹೋಗುವಾಗ ನಾವು ಇದನ್ನು ನೆನಪಿಡಬೇಕು. ದೇವರ ಚಿತ್ತವನ್ನು ವಿವರಿಸುವ ಅವಸರ ಬೇಡ. ಜೊತೆಗೆ ಕುಳಿತರೆ ಸಾಕು.

ಸಿರಾಖನ ಗ್ರಂಥದ ಬುದ್ಧಿವಾದ

ಕಥೋಲಿಕ ಬೈಬಲ್ಲಿನಲ್ಲಿರುವ ಸಿರಾಖನ ಗ್ರಂಥದಷ್ಟು ವಿವರವಾಗಿ ಸ್ನೇಹದ ಬಗ್ಗೆ ಹೇಳುವ ಗ್ರಂಥ ಹಳೆಯ ಒಡಂಬಡಿಕೆಯಲ್ಲಿ ಬೇರೊಂದಿಲ್ಲ. ಅದರ ಬೋಧನೆಯನ್ನು ಹೀಗೆ ಸಂಗ್ರಹಿಸಬಹುದು:

1. ಪರೀಕ್ಷಿಸಿ ಸ್ನೇಹ ಮಾಡಬೇಕು, ಕೂಡಲೇ ಎಲ್ಲವನ್ನೂ ನಂಬಿ ಒಪ್ಪಿಸಬಾರದು (6:7).
2. ತನಗೆ ಅನುಕೂಲವಾದಾಗ ಮಾತ್ರ ಬರುವವರು, ಜಗಳವಾದೊಡನೆ ಒಳಗಿನ ಮಾತನ್ನು ಹೊರಹಾಕುವವರು, ಊಟದ ಪಂಕ್ತಿಗಷ್ಟೇ ಸೇರುವವರು ಇರುತ್ತಾರೆ (6:8-12).
3. ನಂಬಿಗಸ್ತ ಸ್ನೇಹಿತನು ಆಶ್ರಯವೂ ನಿಧಿಯೂ ಔಷಧಿಯೂ ಆಗಿದ್ದಾನೆ. ದೇವರಿಗೆ ಭಯಪಡುವವರಿಗೆ ಅಂಥವರು ದೊರೆಯುತ್ತಾರೆ (6:14-17).
4. ಹೊಸಬರು ಸಿಕ್ಕರೆಂದು ಹಳೆಯ ಸ್ನೇಹಿತನನ್ನು ಬಿಡಬಾರದು (9:10).
5. ಜಗಳವಾದರೂ ರಾಜಿ ಸಾಧ್ಯ. ಆದರೆ ನಿಂದೆ, ಅಹಂಕಾರ, ಗುಟ್ಟು ರಟ್ಟು ಮಾಡುವುದು, ಬೆನ್ನಿಗೆ ಇರಿಯುವುದು - ಇವು ಸ್ನೇಹವನ್ನು ಕೊಲ್ಲುತ್ತವೆ (22:22).

ಯೇಸುಸ್ವಾಮಿಯ ಸ್ನೇಹ

ಕ್ರೈಸ್ತರಾದ ನಮಗೆ ಸ್ನೇಹದ ಅಳತೆಗೋಲು ಯೇಸುಸ್ವಾಮಿಯೇ. ಕೊನೆಯ ಭೋಜನದ ವೇಳೆ ಅವರು ಶಿಷ್ಯರನ್ನು ಸೇವಕರೆನ್ನದೆ ಸ್ನೇಹಿತರೆಂದು ಕರೆದರು. ಅದಕ್ಕೆ ಕಾರಣವನ್ನೂ ಕೊಟ್ಟರು: ಪಿತನಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದರು. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿಯಿಲ್ಲ ಎಂದು ಬೋಧಿಸಿ, ಮರುದಿನವೇ ಶಿಲುಬೆಯ ಮೇಲೆ ಅದನ್ನು ಮಾಡಿ ತೋರಿಸಿದರು (ಯೊವಾನ್ನ 15:12-17).

ಬೆಥಾನಿಯದ ಮಾರ್ತಾ, ಮರಿಯ, ಲಾಸರರ ಮನೆ ಅವರಿಗೆ ಸ್ನೇಹಿತರ ಮನೆಯಾಗಿತ್ತು. ಅಲ್ಲಿ ಊಟ ಮಾಡಿದರು, ಮಾರ್ತಾಳ ಗೊಣಗಾಟ ಕೇಳಿದರು, ಲಾಸರನ ಸಮಾಧಿಯ ಬಳಿ ಅತ್ತರು. ಈ ಮೂವರ ಸ್ಮರಣೆಯನ್ನು ಜುಲೈ 29ರಂದು ಒಟ್ಟಿಗೆ ಆಚರಿಸುವಂತೆ 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರ ಅನುಮತಿಯಿಂದ ವ್ಯಾಟಿಕನ್ ಆದೇಶ ಹೊರಡಿಸಿತು. ಅದಕ್ಕೆ ಮೊದಲು ಆ ದಿನ ಪಂಚಾಂಗದಲ್ಲಿ ಸಂತ ಮಾರ್ತಾರ ಹೆಸರು ಮಾತ್ರ ಇತ್ತು.

ಯೇಸುವಿನ ಸ್ನೇಹಕ್ಕೆ ಪೆಟ್ಟು ಬೀಳದೆ ಇರಲಿಲ್ಲ. ಹಿಡಿದುಕೊಡಲು ಬಂದ ಯೂದನನ್ನೂ ಅವರು ಮಿತ್ರನೆಂದೇ ಸಂಬೋಧಿಸಿದರು (ಮತ್ತಾಯ 26:50). ಪೇತ್ರನು ಬೀಳುವ ಮೊದಲೇ ಅವನಿಗಾಗಿ ಪ್ರಾರ್ಥಿಸಿದರು (ಲೂಕ 22:32). ಮೂರು ಸಲ ನಿರಾಕರಿಸಿದವನಿಗೆ ಪ್ರೀತಿಯನ್ನು ಮೂರು ಸಲ ಹೇಳುವ ಅವಕಾಶ ಕೊಟ್ಟು, ಮಂದೆಯನ್ನೇ ಒಪ್ಪಿಸಿದರು (ಯೊವಾನ್ನ 21:15-17). ಯುವಜನರಿಗಾಗಿ 2019ರಲ್ಲಿ ಪ್ರಕಟವಾದ 'ಕ್ರಿಸ್ತುಸ್ ವಿವಿತ್' ಎಂಬ ಪ್ರಬೋಧನೆಯಲ್ಲಿ ಪೋಪ್ ಫ್ರಾನ್ಸಿಸ್‌ರವರು ಕ್ರಿಸ್ತರೊಂದಿಗಿನ ಸ್ನೇಹದ ಬಗ್ಗೆ ವಿಶೇಷವಾಗಿ ಬರೆದಿದ್ದಾರೆ. ಪ್ರಾರ್ಥನೆ ಎಂದರೆ ಈ ಸ್ನೇಹಿತನೊಡನೆ ಮಾತುಕತೆ ಎಂಬುದು ಅದರ ಸಾರ.

ಸಂತರಲ್ಲಿ ಸ್ನೇಹ

ಸಂತ ಬೆಸಿಲ್ ಮತ್ತು ನಾಜಿಯಾನ್ಸಸ್‌ನ ಸಂತ ಗ್ರೆಗೊರಿ 4ನೇ ಶತಮಾನದವರು, ಅಥೆನ್ಸ್ ನಗರದಲ್ಲಿ ಸಹಪಾಠಿಗಳು. ಮುಂದೆ ಬಿಷಪರಾದ ಬೆಸಿಲ್, ಗೆಳೆಯನಿಗೆ ಇಷ್ಟವಿಲ್ಲದಿದ್ದರೂ ಸಾಸಿಮಾ ಎಂಬ ಸಣ್ಣ ಊರಿಗೆ ಅವರನ್ನು ಬಿಷಪರನ್ನಾಗಿ ನೇಮಿಸಿದರು. ಗ್ರೆಗೊರಿಯವರ ಮನಸ್ಸಿಗೆ ಬಹಳ ನೋವಾಯಿತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೂ ಬೆಸಿಲ್ ತೀರಿಕೊಂಡ ಮೇಲೆ ಅವರ ಸ್ನೇಹವನ್ನು ಹೃದಯ ತುಂಬಿ ಹೊಗಳಿ ದೀರ್ಘವಾದ ಸ್ಮರಣ ಭಾಷಣ ಮಾಡಿದವರು ಅದೇ ಗ್ರೆಗೊರಿ. ಧರ್ಮಸಭೆ ಇಬ್ಬರನ್ನೂ ಒಂದೇ ದಿನ, ಜನವರಿ 2ರಂದು ಸ್ಮರಿಸುತ್ತದೆ. ಸಂತರ ನಡುವೆಯೂ ಮುನಿಸು ಬಂದಿತ್ತು ಎಂಬುದು ನಮಗೆ ಸಮಾಧಾನ ಕೊಡುವ ವಿಷಯ.

12ನೇ ಶತಮಾನದಲ್ಲಿ ಇಂಗ್ಲೆಂಡಿನ ರೀವೋ ಮಠದ ಮಠಾಧಿಪತಿಯಾಗಿದ್ದ ಸಂತ ಏಲ್ರೆಡ್, ಆಧ್ಯಾತ್ಮಿಕ ಸ್ನೇಹದ ಕುರಿತು ಒಂದು ಪುಸ್ತಕವನ್ನೇ ಬರೆದರು. ಬರೀ ಭೋಗದ ಸ್ನೇಹ, ಲಾಭದ ಸ್ನೇಹ, ದೇವರಲ್ಲಿ ಬೇರೂರಿದ ಸ್ನೇಹ ಎಂದು ಅವರು ಮೂರು ಬಗೆ ಮಾಡುತ್ತಾರೆ. ಸ್ನೇಹಿತನನ್ನು ಆರಿಸುವುದು, ಪರೀಕ್ಷಿಸುವುದು, ಸ್ವೀಕರಿಸುವುದು, ಬಳಿಕ ಒಂದೇ ಮನಸ್ಸಿನಿಂದ ಬಾಳುವುದು - ಇವು ಅವರು ಹೇಳುವ ನಾಲ್ಕು ಮೆಟ್ಟಿಲುಗಳು.

ನಮ್ಮ ಕರಾವಳಿಗೆ ಹತ್ತಿರದ ಉದಾಹರಣೆ ಸಂತ ಫ್ರಾನ್ಸಿಸ್ ಕ್ಸೇವಿಯರ್. ಪ್ಯಾರಿಸಿನ ಸೈಂಟ್ ಬಾರ್ಬ್ ಕಾಲೇಜಿನಲ್ಲಿ ಅವರು ಸಂತ ಪೀಟರ್ ಫೇಬರ್‌ರವರೊಂದಿಗೆ ಒಂದೇ ಕೋಣೆಯಲ್ಲಿದ್ದರು. 1529ರಲ್ಲಿ ಆ ಕೋಣೆಗೆ ಸಂತ ಇಗ್ನೇಶಿಯಸ್ ಲೊಯೋಲಾ ಬಂದು ಸೇರಿದರು. ಪಾಠದಲ್ಲಿ ಹಿಂದಿದ್ದ, ವಯಸ್ಸಿನಲ್ಲಿ ಹಿರಿಯರಾದ ಇಗ್ನೇಶಿಯಸರಿಗೆ ಫೇಬರ್ ಪಾಠ ಹೇಳಿಕೊಟ್ಟರು. ಇಗ್ನೇಶಿಯಸ್ ಅವರಿಗೆ ದೇವರ ದಾರಿ ತೋರಿಸಿದರು. ಹೆಸರು, ಪದವಿಗಳ ಆಸೆಯಿದ್ದ ಕ್ಸೇವಿಯರ್ ಮಾತ್ರ ಬೇಗನೆ ಬಗ್ಗಲಿಲ್ಲ. ಇಗ್ನೇಶಿಯಸ್ ತಾಳ್ಮೆಯಿಂದ ಕಾದರು. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ಮೊಂಮಾರ್ತ್ರ್ ಗುಡ್ಡದಲ್ಲಿ ವ್ರತ ತೊಟ್ಟರು. ಅದರಿಂದಲೇ ಮುಂದೆ ಯೇಸು ಸಭೆ ಹುಟ್ಟಿತು.

1542ರ ಮೇ 6ರಂದು ಕ್ಸೇವಿಯರ್ ಗೋವಾ ತಲುಪಿದರು. ಆ ಗೆಳೆಯರನ್ನು ಅವರು ಮತ್ತೆ ಕಾಣಲೇ ಇಲ್ಲ. ಪತ್ರಗಳಲ್ಲಿದ್ದ ಅವರ ಸಹಿಗಳನ್ನು ಕತ್ತರಿಸಿ, ತಮ್ಮ ವ್ರತದ ಪ್ರತಿಯೊಂದಿಗೆ ಸದಾ ಮೈಮೇಲೆ ಧರಿಸಿಕೊಂಡಿರುತ್ತಿದ್ದರು. 1553ರಲ್ಲಿ ಇಗ್ನೇಶಿಯಸ್ ಅವರನ್ನು ಹಿಂದಕ್ಕೆ ಕರೆದು ಪತ್ರ ಬರೆದರು. ಆದರೆ 1552ರ ಡಿಸೆಂಬರ್ 3ರಂದೇ ಕ್ಸೇವಿಯರ್ ಚೀನಾದ ಹತ್ತಿರದ ದ್ವೀಪವೊಂದರಲ್ಲಿ ನಿಧನರಾಗಿದ್ದರು. 1622ರ ಮಾರ್ಚ್ 12ರಂದು ಇಬ್ಬರಿಗೂ ಒಂದೇ ದಿನ ಸಂತ ಪದವಿ ದೊರೆಯಿತು. ಮಕ್ಕಳನ್ನು, ಗೆಳೆಯರನ್ನು ದೂರದೇಶಕ್ಕೆ ಕಳುಹಿಸಿದ ನಮ್ಮ ಕುಟುಂಬಗಳಿಗೆ ಈ ಸ್ನೇಹ ಚೆನ್ನಾಗಿ ಅರ್ಥವಾಗುತ್ತದೆ.

ತಿದ್ದುವ ಧೈರ್ಯ

ಶತ್ರುವಿನ ಮುದ್ದಿಗಿಂತ ಮಿತ್ರನ ಪೆಟ್ಟೇ ನಂಬಿಕೆಗೆ ಯೋಗ್ಯ ಎಂಬುದು ಜ್ಞಾನೋಕ್ತಿಗಳ ಅಭಿಪ್ರಾಯ (27:6). ಗೆಳೆಯ ದಿನಾ ಕುಡಿಯುತ್ತಿದ್ದಾನೆ, ಹೆಂಡತಿಗೆ ಹೊಡೆಯುತ್ತಿದ್ದಾನೆ, ಮೊಬೈಲಿನ ಜೂಜಿನಲ್ಲಿ ಹಣ ಕಳೆಯುತ್ತಿದ್ದಾನೆ ಎಂದು ಗೊತ್ತಿದ್ದೂ ನಾವು ನಕ್ಕು ಸುಮ್ಮನಾದರೆ ಅದು ಸ್ನೇಹವಲ್ಲ. ಯೇಸುಸ್ವಾಮಿ ಇದಕ್ಕೊಂದು ಕ್ರಮ ತೋರಿಸಿದ್ದಾರೆ (ಮತ್ತಾಯ 18:15-17). ಮೊದಲು ಅವನೊಬ್ಬನೇ ಇರುವಾಗ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಆಮೇಲೆಯೇ ಸಭೆಯ ಮುಂದೆ. ನಾವು ಅನೇಕ ಬಾರಿ ಇದನ್ನು ತಲೆಕೆಳಗು ಮಾಡುತ್ತೇವೆ: ಮೊದಲು ಊರಿಗೆಲ್ಲ ಹೇಳಿ, ಕೊನೆಗೆ ಅವನಿಗೆ ಹೇಳುತ್ತೇವೆ, ಇಲ್ಲವೇ ಹೇಳುವುದೇ ಇಲ್ಲ.

ಇನ್ನೊಬ್ಬರ ತಪ್ಪನ್ನು ಸಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದು, ಅದು ನಿಜವೇ ಆಗಿದ್ದರೂ, ಪಾಪ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಕಲಿಸುತ್ತದೆ (2477). ವಾಟ್ಸಾಪ್ ಗುಂಪಿಗೆ ಕಳುಹಿಸುವ ಮೊದಲು ಇದು ನೆನಪಾಗಲಿ.

ಗುಟ್ಟಿಗೂ ಒಂದು ಮಿತಿ

ಸ್ನೇಹಿತನ ಗುಟ್ಟನ್ನು ಕಾಯಬೇಕು. ಆದರೆ ಜೀವಕ್ಕೆ ಅಪಾಯವಿರುವಾಗ ಮೌನವಾಗಿರುವುದು ಪ್ರೀತಿಯಲ್ಲ. ಈ ಎರಡು ಸಂದರ್ಭಗಳನ್ನು ಯುವಜನರಿಗೆ ಸ್ಪಷ್ಟವಾಗಿ ಹೇಳಿಕೊಡಬೇಕಾಗಿದೆ.

ಗೆಳೆಯ ಅಥವಾ ಗೆಳತಿ ಸಾಯುವ ಮಾತನಾಡಿದರೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿದ್ದರೂ, ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯವರಿಗೆ ಅಥವಾ ನಂಬಿಕಸ್ತ ಹಿರಿಯರಿಗೆ ತಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, ದೌರ್ಜನ್ಯ ಎಸಗಿದವರು ಎಷ್ಟೇ ಆಪ್ತರಾಗಿರಲಿ, ಎಷ್ಟೇ ದೊಡ್ಡ ಸ್ಥಾನದಲ್ಲಿರಲಿ, ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಇದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ತಪ್ಪು ಮಾಡಿದವರನ್ನು ಮುಚ್ಚಿಟ್ಟು ರಕ್ಷಿಸುವವರು ಆ ಪಾಪದಲ್ಲಿ ಪಾಲುದಾರರು ಎಂದು ಧರ್ಮೋಪದೇಶವೂ ಹೇಳುತ್ತದೆ (1868). ಪಾಪನಿವೇದನೆಯ ಗುಟ್ಟು ಗುರುಗಳನ್ನು ಕಟ್ಟಿಹಾಕುವ ಪವಿತ್ರ ಮುದ್ರೆ. ಗೆಳೆಯರ ನಡುವಿನ ಆಣೆಗೆ ಆ ಸ್ಥಾನವಿಲ್ಲ.

ಹಣ ಮತ್ತು ಜಾಮೀನು

ಸ್ನೇಹ ಕೆಡುವುದು ಹೆಚ್ಚಾಗಿ ಹಣದ ವಿಷಯದಲ್ಲಿ. ಸಿರಾಖನು ಇಲ್ಲಿಯೂ ಸಮತೋಲನದ ಮಾತನಾಡುತ್ತಾನೆ. ಹಣವನ್ನು ಕಲ್ಲಿನಡಿ ತುಕ್ಕು ಹಿಡಿಸುವ ಬದಲು ಸ್ನೇಹಿತನಿಗಾಗಿ ಕಳೆದುಕೊಂಡರೂ ಚಿಂತೆಯಿಲ್ಲ ಎನ್ನುತ್ತಾನೆ (29:10). ಒಳ್ಳೆಯವನು ನೆರೆಯವನಿಗೆ ಜಾಮೀನು ನಿಲ್ಲುತ್ತಾನೆ ಎಂದೂ ಹೇಳುತ್ತಾನೆ. ಆದರೆ ಜಾಮೀನಿನಿಂದ ಮನೆ ಕಳೆದುಕೊಂಡವರನ್ನು ನೆನಪಿಸಿ, ಶಕ್ತಿ ಇದ್ದಷ್ಟೇ ಸಹಾಯ ಮಾಡು, ನೀನೂ ಬೀಳದಂತೆ ನೋಡಿಕೋ ಎಂದು ಎಚ್ಚರಿಸುತ್ತಾನೆ (29:14-20). ಸೊಸೈಟಿಯ ಸಾಲಕ್ಕೆ ಸಹಿ ಹಾಕುವ ಮೊದಲು ಮನೆಯವರೊಡನೆ ಮಾತನಾಡುವುದು, ಆಗದಿದ್ದರೆ ಆಗುವುದಿಲ್ಲವೆಂದು ಪ್ರೀತಿಯಿಂದ ಹೇಳುವುದು ಸ್ನೇಹಕ್ಕೆ ವಿರುದ್ಧವಲ್ಲ. ಜಾಮೀನು ನಿಂತ ಗೆಳೆಯನನ್ನು ಕೈಬಿಡದೆ ಕಂತು ಕಟ್ಟುವುದು ಸಾಲ ಪಡೆದವನ ಕ್ರೈಸ್ತ ಕರ್ತವ್ಯ.

ಧರ್ಮಕೇಂದ್ರದಲ್ಲಿ ಸ್ನೇಹ

ಯೇಸುಸ್ವಾಮಿಗೆ ಸುಂಕದವರ ಮತ್ತು ಪಾಪಿಗಳ ಸ್ನೇಹಿತ ಎಂಬ ಹೆಸರಿತ್ತು (ಲೂಕ 7:34). ನಮ್ಮ ಸ್ನೇಹ ಮಾತ್ರ ನಮ್ಮ ಭಾಷೆ, ಅಂತಸ್ತು, ಮನೆತನಗಳ ಬೇಲಿಯೊಳಗೇ ಇದ್ದರೆ ಹೇಗೆ? ಬಾಡಿಗೆ ಮನೆಗೆ ಹೊಸದಾಗಿ ಬಂದ ಕುಟುಂಬ, ಬಲಿಪೂಜೆಯ ನಂತರ ಯಾರೊಡನೆಯೂ ಮಾತಿಲ್ಲದೆ ಹೊರಟುಹೋಗುವ ವಿಧವೆ, ಮಕ್ಕಳೆಲ್ಲ ಪರದೇಶದಲ್ಲಿದ್ದು ಒಂಟಿಯಾದ ವೃದ್ಧರು - ಗುರಿಕಾರರು ಮತ್ತು ಸಂಘಗಳ ಸದಸ್ಯರು ಇವರ ಪಟ್ಟಿ ಮಾಡಿ ತಿಂಗಳಿಗೊಮ್ಮೆಯಾದರೂ ಭೇಟಿ ಮಾಡಬಹುದು. ಹಿಂದೂ, ಮುಸ್ಲಿಂ ನೆರೆಯವರೊಡನೆ ತಲೆಮಾರುಗಳಿಂದ ಬಂದ ಸ್ನೇಹವನ್ನು ಉಳಿಸಿಕೊಳ್ಳುವುದೂ ನಮ್ಮ ವಿಶ್ವಾಸದ ಭಾಗ. 2020ರ 'ಫ್ರತೆಲ್ಲಿ ತುತ್ತಿ' ವಿಶ್ವಪತ್ರದ ವಿಷಯವೇ ಸಹೋದರತ್ವ ಮತ್ತು ಸಾಮಾಜಿಕ ಸ್ನೇಹ.

ಆತ್ಮಶೋಧನೆಗೆ ಪ್ರಶ್ನೆಗಳು

1. ನನ್ನ ಸ್ನೇಹಿತನ ಏಳಿಗೆಯಲ್ಲಿ ನನಗೆ ಸಂತೋಷವಿದೆಯೇ, ಅಥವಾ ಒಳಗೆ ಹೊಟ್ಟೆಕಿಚ್ಚೇ?
2. ಅವನ ಬೆನ್ನ ಹಿಂದೆ ನಾನು ಆಡುವ ಮಾತನ್ನು ಅವನ ಎದುರಿಗೂ ಆಡಬಲ್ಲೆನೇ?
3. ನನ್ನ ಸಹವಾಸದಿಂದ ಅವನು ದೇವರಿಗೆ ಹತ್ತಿರವಾಗಿದ್ದಾನೆಯೇ, ದೂರವಾಗಿದ್ದಾನೆಯೇ?
4. ಮಾತು ಬಿಟ್ಟ ಹಳೆಯ ಸ್ನೇಹಿತರು ಯಾರಾದರೂ ಇದ್ದಾರೆಯೇ? ಮೊದಲ ಹೆಜ್ಜೆಯನ್ನು ನಾನೇ ಇಡಬಹುದೇ?
5. ನನ್ನ ಸ್ನೇಹಿತರ ಹೆಸರು ಹೇಳಿ ನಾನು ಪ್ರಾರ್ಥಿಸುತ್ತೇನೆಯೇ?

ಒಳ್ಳೆಯ ಸ್ನೇಹಿತರು ಸಿಗಲೆಂದು ನಾವೆಲ್ಲ ಬೇಡಿಕೊಳ್ಳುತ್ತೇವೆ. ಒಳ್ಳೆಯ ಸ್ನೇಹಿತರಾಗುವ ವರವನ್ನೂ ಬೇಡೋಣ. ಮುಂದಿನ ಭಾನುವಾರ ಪರಮಪ್ರಸಾದ ಸ್ವೀಕರಿಸುವಾಗ, ನಮಗಾಗಿ ಪ್ರಾಣ ಕೊಟ್ಟ ಆ ಸ್ನೇಹಿತನ ಮುಂದೆ ನಮ್ಮ ಒಬ್ಬ ಗೆಳೆಯನ ಹೆಸರನ್ನು ಇಡೋಣ. ಪೂಜೆ ಮುಗಿದ ಮೇಲೆ ಅವನ ಮನೆಯ ಕಡೆಗೆ ಒಮ್ಮೆ ಹೋಗಿ ಬರೋಣ.