ಬಿಚ್ಚದ ಪೆಡಲ್ಲಿನ ಚರಿತ್ರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ... ಈ ಊರುಗಳಲ್ಲೂ ಈಗ ಕೆಲವು ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ವ್ಯಾಯಾಮದ ಸೈಕಲ್ಲು ನಿಂತಿರುತ್ತೆ. ಮೊದಲ ತಿಂಗಳು ತುಳಿಯೋದಕ್ಕೆ, ಆಮೇಲೆ ಟವೆಲ್ಲು ಒಣಹಾಕೋದಕ್ಕೆ :) ಮತ್ತೆ ತುಳಿಯೋಣ ಅಂತ ಹತ್ತಿದಾಗ ಪೆಡಲ್ಲು ಅಲ್ಲಾಡುತ್ತೆ. ಬಲಗಡೆಯದು ಹೇಗೋ ಬಿಚ್ಚುತ್ತೆ. ಎಡಗಡೆಯದು ಮಾತ್ರ ಜಪ್ಪಯ್ಯ ಅಂದ್ರೂ ಜಗ್ಗೋದಿಲ್ಲ. ಇನ್ನಷ್ಟು ಜೋರು ಹಾಕಿದರೆ ಇನ್ನಷ್ಟು ಬಿಗಿ. ಕೊನೆಗೆ ಗುಜರಿಗೆ!

ತಪ್ಪು ತೋಳಿನದಲ್ಲ, ಚರಿತ್ರೆಯದು. ಹೇಗೆ ಅಂತೀರಾ?

ನಮ್ಮ ಹಳೆಯ ಕಸರತ್ತಿನ ಸಾಮಾನಿಗೆ ನಟ್ಟು ಬೋಲ್ಟಿನ ಹಂಗೇ ಇರಲಿಲ್ಲ. ಕಲ್ಲಿನ ಗುಂಡು, ಮರದ ಗದೆ, ಮಲ್ಲಕಂಬ, ಅಷ್ಟೆ. ಚಿಂಚೋಳಿಯಿಂದ ಬಹಳ ದೂರವೇನೂ ಇಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಬರೆದ. ಅದರ ಮಲ್ಲವಿನೋದದಲ್ಲಿ ಭಾರ ಎತ್ತುವ ಭಾರಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಲ್ಲ ಬರುತ್ತೆ. ಅಲ್ಲಿ ಜಂಗು ಹಿಡಿದು ಕೂರುವ ತಿರುಪು ಯಾವುದೂ ಇಲ್ಲ.

ತಿರುಪು ದೊಡ್ಡ ಪ್ರಮಾಣದಲ್ಲಿ ನಮ್ಮ ಕಡೆ ಬಂದದ್ದು ರೈಲಿನ ಜೊತೆ. ಮುಂಬೈ ಕಡೆಯ ಹಳಿ ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಸಿಕಂದರಾಬಾದಿಗೆ ಹೋಯಿತು. ಚಿಂಚೋಳಿಗೆ ಮಾತ್ರ ಇವತ್ತಿಗೂ ರೈಲಿಲ್ಲ. ಆ ಕಾಲದ ಕಬ್ಬಿಣವೆಲ್ಲ ಇಂಗ್ಲೆಂಡಿನ ಅಳತೆಯದು. ಅಲ್ಲಿ ಮೊದಲು ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಅನ್ನುವವನು ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟೇ ಸುತ್ತು, ಸುತ್ತಿನ ಕೋನ 55 ಡಿಗ್ರಿ ಅಂತ ಒಂದು ಪದ್ಧತಿ ಹಾಕಿಕೊಟ್ಟ. ಆಮೇಲೆ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು (1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆದಾಗ ಇದೂ ಅದರಲ್ಲಿತ್ತು). ಮುಂದೆ ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಎಂಬ ಭಾರೀ ಯಂತ್ರಗಳ ಕಾರ್ಖಾನೆಯೂ ಅಲ್ಲೇ ತಲೆಯೆತ್ತಿತು. ಹೆಸರಲ್ಲೇ ಇಂಗ್ಲೆಂಡಿನ ನಂಟು ನೋಡಿ!

1956ರಲ್ಲಿ ನಮ್ಮ ದೇಶ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತು. ಆದರೆ ಕಾನೂನು ಬದಲಾದಷ್ಟು ಬೇಗ ಕಬ್ಬಿಣ ಬದಲಾಗುತ್ತದೆಯೇ? ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂತಂತೆ ಅನಿಸುತ್ತೆ, ಜೋರು ಬಿದ್ದಾಗ ಜಾರಿ ನಟ್ಟಿನ ಮೂಲೆ ತಿನ್ನುತ್ತೆ. ಮೆಟ್ರಿಕ್ ಸುತ್ತಿನ ಕೋನ 60 ಡಿಗ್ರಿ, ಹಾಗಾಗಿ ಹಳೆಯದರೊಳಗೆ ಹೊಸದನ್ನು ತುರುಕಿದರೆ ಸರಿಯಾಗಿ ಕೂರುವುದೂ ಇಲ್ಲ.

ಈಗ ನಿಮ್ಮ ಪೆಡಲ್ಲು ನೋಡಿ. ಸಾಮಾನ್ಯವಾಗಿ ಅದರ ತಿರುಪು 9/16 ಇಂಚು ದಪ್ಪ, ಇಂಚಿಗೆ 20 ಸುತ್ತು. ಅದನ್ನು ಬಿಚ್ಚುವ ಪಾನಾ ಮಾತ್ರ 15 ಮಿ.ಮೀ.! ಎರಡು ಕಾಲಗಳು ಒಂದೇ ಬೆರಳುದ್ದದ ಕಬ್ಬಿಣದಲ್ಲಿ.

ಇನ್ನು ಎಡಗಡೆಯ ಕಥೆ. ತುಳಿಯುವಾಗ ಭಾರ ಸುತ್ತುತ್ತಾ ಪೆಡಲ್ಲಿನ ಅಚ್ಚನ್ನು ತೂತಿನೊಳಗೆ ಇಷ್ಟಿಷ್ಟೇ ಹೊರಳಿಸುತ್ತೆ. ಎರಡೂ ಕಡೆ ಒಂದೇ ತರದ ತಿರುಪಿದ್ದರೆ ಎಡಗಡೆಯದು ತಾನಾಗಿ ಸಡಿಲವಾಗಿ ಕಳಚುತ್ತಿತ್ತು. ಅದಕ್ಕೇ ಎಡಗಡೆ ಉಲ್ಟಾ ತಿರುಪು. ಅದನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ನೆನಪಿಡಲು ಸುಲಭ ಉಪಾಯ: ಪಾನಾದ ಹಿಡಿ ಮೇಲಕ್ಕೆ ಇರಲಿ, ಎರಡೂ ಕಡೆ ಸೀಟಿನ ಕಡೆಗೆ ಎಳೆಯಿರಿ.

ದಿಕ್ಕು ಸರಿಯಿದ್ದರೂ ಬರದಿದ್ದರೆ ಅದು ಜಂಗಿನ ಕೆಲಸ. ಕಬ್ಬಿಣ ಜಂಗಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತೆ, ಸುತ್ತುಗಳ ಸಂದಿಯಲ್ಲಿ ಬೆಣೆಯಾಗಿ ಕೂರುತ್ತೆ. ಬೆವರಿನ ಉಪ್ಪು ಅದಕ್ಕೆ ಗೊಬ್ಬರ. ತೆಳುವಾದ ಜಂಗಿನ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿ. ಬೆಳಿಗ್ಗೆ ಸುತ್ತಿಗೆಯಿಂದ ಮೆತ್ತಗೆ ತಟ್ಟಿ. ಎದುರಿನ ಪೆಡಲ್ಲನ್ನು ಒಬ್ಬರು ಹಿಡಿಯಲಿ, ಉದ್ದ ಹಿಡಿಯ ಪಾನಾ ಹಾಕಿ ನಿಧಾನ ಒತ್ತಡ ಕೊಡಿ. ಹಂದಾಡಿದರೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತಾ ಬಿಚ್ಚಿ. ಎಣ್ಣೆ ಹಾಕಿದ ಮೇಲೆ ಬೆಂಕಿ ತೋರಿಸಲೇಬೇಡಿ. ವಾಪಸ್ ಹಾಕುವಾಗ ಗ್ರೀಸು ಹಚ್ಚಿ, ಮೊದಲ ಸುತ್ತುಗಳನ್ನು ಕೈಯಿಂದಲೇ ಕೂರಿಸಿ.

ಉಲ್ಟಾ ತಿರುಪಿನ ಈ ಗುಟ್ಟು ಯಾವುದೇ ಸೈಕಲ್ ಅಂಗಡಿಯ ಹುಡುಗನಿಗೆ ಗೊತ್ತು. ಕೈಯಿಂದ ಕೈಗೆ ಬಂದ ವಿದ್ಯೆ, ಬರೆದಿಟ್ಟವರು ಕಡಿಮೆ. ಅದಕ್ಕೇ ಇಷ್ಟು ಬರೆದೆ. ಗಟ್ಟಿಮುಟ್ಟಾದ ಒಂದು ಸೈಕಲ್ಲು ಬರೀ ದಿಕ್ಕು ತಿಳಿಯದೆ ಗುಜರಿ ಸೇರಬಾರದಲ್ಲ?

ಅಂದಹಾಗೆ, ಪಾನಾಕ್ಕೆ ನಿಮ್ಮೂರಲ್ಲಿ ಏನಂತಾರೆ?