ಜೋಡಿ ಬೆಳಕಿನ ಶೋಧ: ಅರುಂಧತಿ ಮತ್ತು ಓಜೆ 287
ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಮದುವೆಗಳಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಆಚರಣೆಯುಂಟು. ಹಗಲಿನ ಮುಹೂರ್ತದಲ್ಲಿ ತೋರಿಸುವ ಕೈಯೊಂದೇ ಉಳಿಯುತ್ತದೆ. ವಸಿಷ್ಠನ ಪಕ್ಕದ ಈ ಮಂಕು ತಾರೆಯನ್ನು ಬರಿಗಣ್ಣೇ ಬೇರ್ಪಡಿಸಬಲ್ಲದು. ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಅನಿಲವನ್ನು ನುಂಗಿ ಬೆಳಗುವ ಕಪ್ಪುಕುಳಿಗಳು ತೀರ ಸಮೀಪದ ಜೋಡಿಯಾಗಿದ್ದರೆ ದೂರದರ್ಶಕಕ್ಕೂ ಒಂದೇ ಚುಕ್ಕಿ. ಆಗ ಬೆಳಕಿನ ಏರಿಳಿತವೇ ಸಾಕ್ಷಿ.

ಕರ್ಕಾಟಕ ರಾಶಿಯ ಓಜೆ 287 ಸುಮಾರು 12 ವರ್ಷಗಳಿಗೊಮ್ಮೆ ಪ್ರಜ್ವಲಿಸುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಉಳಿದುಬಂದ ಛಾಯಾಫಲಕಗಳಿಂದ ತಿಳಿಯಿತು. ಅನ್ಯೋದ್ದೇಶಕ್ಕೆ ತೆಗೆದ ಆ ಫಲಕಗಳನ್ನು ಕಾಪಿಟ್ಟವರ ಋಣ ದೊಡ್ಡದು. 1988ರಲ್ಲಿ ಸಿಲ್ಲನ್‌ಪ್ಯಾ ಮತ್ತು ಸಂಗಡಿಗರು ಜೋಡಿ ಕಪ್ಪುಕುಳಿಗಳ ವಾದವನ್ನು ಮಂಡಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹಾನ್ಲೆ ದೂರದರ್ಶಕವೂ ಈ ಬೆಳಕನ್ನು ಅಳೆದಿದೆ. 2022ರ ಅಕ್ಟೋಬರಿನಲ್ಲಿ ನಿರೀಕ್ಷಿತ ಪ್ರಜ್ವಲನ ಕಾಣಲಿಲ್ಲ. ಜೋಡಿಯ ವಾದವೇನೂ ಬಿದ್ದುಹೋಗಿಲ್ಲ. ಹಿರಿಯ ಕುಳಿಯ ತೂಕ 1,800 ಕೋಟಿ ಸೂರ್ಯರಷ್ಟೋ, ಕೇವಲ 10 ಕೋಟಿ ಸೂರ್ಯರಷ್ಟೋ ಎಂಬುದು ವಿವಾದದಲ್ಲಿದೆ.