ನೆತ್ತರುಕೊಡಗೆ: ತೆಂಗಿನ ಸೀಮೆಯಲ್ಲಿ ಯೋಧರ ಮನೆತನಗಳಿಗೆ ಸಂದ ಆಸರೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಇಂದು ಕೊಬ್ಬರಿಯ ಸೀಮೆಯೆಂದೇ ಹೆಸರಾಗಿದ್ದರೂ, ಇಲ್ಲಿನ ಕೆರೆ ಏರಿಗಳ ಮೇಲೆ, ಊರಬಾಗಿಲ ಬಳಿ, ಗುಡಿಗಳ ಅಂಗಳದಲ್ಲಿ ನಿಂತಿರುವ ವೀರಗಲ್ಲುಗಳು ಈ ನೆಲ ಬಹುಕಾಲ ಗಡಿನಾಡಾಗಿತ್ತೆಂಬುದಕ್ಕೆ ಸಾಕ್ಷಿಯಾಗಿವೆ. 9ನೇ ಶತಮಾನದ ಕೊನೆಗೆ ಗಂಗರ ಮತ್ತು ನೊಳಂಬರ ಪ್ರಭಾವಗಳು ಇಲ್ಲಿ ಸಂಧಿಸಿದ್ದವೆಂಬುದನ್ನು ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯ ತೋರಿಸುತ್ತದೆ; 13ನೇ ಶತಮಾನದಲ್ಲಿ ಹೊಯ್ಸಳರ ಆಳ್ವಿಕೆಯಲ್ಲಿ ತುರುವೇಕೆರೆ ಅಗ್ರಹಾರವಾಗಿ ಬೆಳೆಯಿತು; ಮುಂದೆ ಹಾಗಲವಾಡಿ ನಾಯಕರು, ಶಿರಾದ ಮೊಗಲರು, ಮರಾಠರು ಮತ್ತು ಮೈಸೂರಿನವರು ಒಬ್ಬರ ಹಿಂದೊಬ್ಬರು ಈ ದಾರಿಯಲ್ಲಿ ಹಾದುಹೋದರು. ಕಾಳಗ ಇಷ್ಟು ವಾಡಿಕೆಯಾಗಿದ್ದ ಸೀಮೆಯಲ್ಲಿ ಮಡಿದವನ ಮತ್ತು ಗಾಯಗೊಂಡವನ ಸಂಸಾರವನ್ನು ಯಾರು ಸಾಕಬೇಕೆಂಬುದು ಊರು ತಾನೇ ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆಯಾಗಿತ್ತು.

ಆ ಕಾಲದ ಉತ್ತರ ಭೂಮಿಯ ರೂಪದಲ್ಲಿತ್ತು. ಕಾದಿ ಸತ್ತವನ ಮನೆಯವರಿಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟ ನೆಲವನ್ನು ಶಾಸನಗಳು ನೆತ್ತರುಕೊಡಗೆ ಎನ್ನುತ್ತವೆ. ‘ಕೊಡಗೆ’ ಎಂದರೆ ಸೇವೆಯೊಂದಕ್ಕೆ ಪ್ರತಿಯಾಗಿ ಕೊಟ್ಟ ಮಾನ್ಯದ ಭೂಮಿ, ಮತ್ತು ಇದೇ ಮಾತು ಕೆರೆ ಕಟ್ಟಿಸಿದವನಿಗೆ ಕೊಟ್ಟ ಜಮೀನಿಗೂ ಸಲ್ಲುತ್ತಿತ್ತು. ವೀರನ ಹೆಸರಿನಲ್ಲಿ ಬಿಟ್ಟ ನೆಲಕ್ಕೆ ಕಲ್ನಾಡು ಎಂಬ ಹೆಸರೂ, ಕತ್ತಿಯನ್ನು ತೊಳೆದು ಗೌರವಿಸಿ ಮಾಡಿದ ದಾನಕ್ಕೆ ಬಾಳ್ಗಚ್ಚು ಎಂಬ ಹೆಸರೂ ಇದ್ದವು. ಹಲ್ಮಿಡಿ ಶಾಸನದಲ್ಲಿಯೇ ಬಾಳ್ಗಚ್ಚಿನ ಉಲ್ಲೇಖವಿರುವುದರಿಂದ ಈ ಪದ್ಧತಿ ಕನ್ನಡದ ಬರವಣಿಗೆಯಷ್ಟೇ ಹಳೆಯದೆನ್ನಬಹುದು. ಉಂಡ ಅನ್ನದ ಋಣಕ್ಕಾಗಿ ಒಡೆಯನ ಪರವಾಗಿ ಪ್ರಾಣ ಕೊಡುವ ಬಾಧ್ಯತೆಯನ್ನು ಹಳಗನ್ನಡದವರು ಜೋಳದ ಪಾಳಿ ಎಂದು ಕರೆದರು. ಕೊಡಗೆಯು ಅದೇ ಋಣದ ಇನ್ನೊಂದು ಮಗ್ಗುಲು, ಅಂದರೆ ಸತ್ತವನಿಗೆ ಒಡೆಯನೂ ಊರೂ ತೀರಿಸಬೇಕಾದ ಬಾಕಿ. ಆದ್ದರಿಂದ ಇದನ್ನು ದಯೆಯ ದಾನವೆಂದು ಓದುವುದು ತಪ್ಪಾಗುತ್ತದೆ.

ಬೆಂಗಳೂರು ಬಳಿಯ ಬೇಗೂರಿನ ಪ್ರಸಿದ್ಧ ಶಿಲೆ ಈ ಲೆಕ್ಕಾಚಾರವನ್ನು ಸ್ಪಷ್ಟವಾಗಿ ಹೇಳುತ್ತದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದ ಮೇಲೆ ಗಂಗರ ಎರೆಯಪ್ಪನು ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟನು. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಮಡಿದವರು ಇಂತಹ ನಾಯಕರಲ್ಲ. ತುರುಗೊಳ್, ಅಂದರೆ ದನಗಳನ್ನು ಅಟ್ಟಿಕೊಂಡು ಹೋಗುವ ಸುಲಿಗೆಯನ್ನು ತಡೆಯಲು ಹೋಗಿ ಬಿದ್ದವರು, ಊರಳಿವಿನಲ್ಲಿ, ಅಂದರೆ ಊರ ಮೇಲೆ ಬಿದ್ದ ದಾಳಿಯಲ್ಲಿ, ಕಾದವರು, ಕೆಲವೊಮ್ಮೆ ಹುಲಿಯೊಡನೆ ಹೋರಾಡಿದವರು. ಇವರ ಪಾಲಿಗೆ ಹನ್ನೆರಡು ಹಳ್ಳಿಗಳು ಬರುವಂತಿರಲಿಲ್ಲ. ಇಂಥವರಿಗೆ ಊರ ಮುಖ್ಯಸ್ಥರಾದ ಗಾವುಂಡರು ಮತ್ತು ಊರ ಪ್ರಜೆಗಳು ಕೂಡಿ ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಏರಿಯಾಚೆ ಒಂದಿಷ್ಟು ಬೆದ್ದಲು ಬಿಡುತ್ತಿದ್ದರು.

ಆ ಗದ್ದೆಯನ್ನು ಉದ್ದಗಲದಿಂದ ಅಳೆಯದೆ ಬಿತ್ತನೆಯ ಬೀಜದಿಂದ ಅಳೆಯುತ್ತಿದ್ದುದು ಗಮನಾರ್ಹ. 20 ಕೊಳಗ ಸೇರಿ ಒಂದು ಖಂಡುಗವಾಗುತ್ತಿದ್ದು, ಹತ್ತು ಕೊಳಗದ ಗದ್ದೆಯೆಂದರೆ ಅಷ್ಟು ಬತ್ತ ಬಿತ್ತಬಹುದಾದ ನೆಲವೆಂದು ಅರ್ಥವಾಗುತ್ತಿತ್ತು. ನೀರಾವರಿಯ ಕೆಳಗಿನ ನೆಲಕ್ಕೂ ಮಳೆಯಾಧಾರಿತ ನೆಲಕ್ಕೂ ವಿಸ್ತೀರ್ಣ ಒಂದೇ ಆಗಿದ್ದರೂ ಇಳುವರಿ ಒಂದೇ ಆಗದೆಂಬ ವ್ಯವಹಾರಜ್ಞಾನ ಈ ಅಳತೆಯಲ್ಲಿದೆ. ಮನೆಯ ದುಡಿಯುವ ಕೈ ಹೋದ ಮೇಲೆ ಕುಟುಂಬಕ್ಕೆ ಬೇಕಾದುದು ನೆಲದ ಹರವಲ್ಲ, ಅದರ ಬೆಳೆ. ಉಳಲು ಗಂಡಸಿಲ್ಲದ ಮನೆ ಆ ಗದ್ದೆಯನ್ನು ವಾರಕ್ಕೆ ಕೊಟ್ಟು, ಅಂದರೆ ಬೆಳೆಯಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ಬೇರೊಬ್ಬರಿಂದ ಉಳುಮೆ ಮಾಡಿಸಿ, ಹೊಟ್ಟೆ ಹೊರೆಯಬಹುದಾಗಿತ್ತು. ಕಲ್ಲಿನ ತುದಿಯಲ್ಲಿ ಕಡೆದ ಸೂರ್ಯಚಂದ್ರರು ದಾನದ ಅವಧಿಯನ್ನು ಸೂಚಿಸಿದರೆ, ಕೊನೆಯಲ್ಲಿ ಬರುವ ಶಾಪವಾಕ್ಯವು ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುವುದೆಂದು ಬೆದರಿಸುತ್ತದೆ. ಓದು ಬಾರದವರೂ ದಿನವೂ ಕಾಣುವ ಜಾಗದಲ್ಲಿ ಕಲ್ಲು ನಿಲ್ಲಿಸಿದ್ದರಿಂದ, ಈ ಹೊಲ ಇಂಥವರ ಮನೆಯದೆಂಬುದು ಕಡತವಿಲ್ಲದೆಯೇ ಊರಿನ ನೆನಪಿನಲ್ಲಿ ಉಳಿಯಿತು. ಬಿ. ಎಲ್. ರೈಸ್ 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನಗಳು ಸೇರಿವೆ.

ಈ ಪದ್ಧತಿಯನ್ನು ಹೊಗಳುವ ಭರದಲ್ಲಿ ಅದರ ಎರಡು ಕೊರತೆಗಳನ್ನು ಮರೆಯಲಾಗದು. ಮೊದಲನೆಯದಾಗಿ, ಶಿಲ್ಪಿ ಕಡೆದದ್ದು ಸತ್ತವನನ್ನು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡೊಯ್ಯುವ ನೋಟ, ಮೇಲೆ ಶಿವಸನ್ನಿಧಿ. ಕೈ ಕಡಿಸಿಕೊಂಡು, ಕಾಲು ಕುಂಟಾಗಿ ಮನೆಗೆ ಮರಳಿ ಮೂವತ್ತು ವರ್ಷ ಬದುಕಿದವನಿಗೆ ಈ ಮೂರು ಪಟ್ಟಿಕೆಗಳಲ್ಲಿ ಎಡೆಯಿಲ್ಲ. ಬದುಕಿದ್ದ ಯೋಧನಿಗೆ ಬಾಳ್ಗಚ್ಚು ಸಂದ ನಿದರ್ಶನವಾಗಿ ಸುಮಾರು 950ರ ಆತಕೂರು ಶಾಸನವಿದೆ. ತಕ್ಕೋಲದ ಯುದ್ಧದಲ್ಲಿ ಮುಂದೆ ನಿಂತು ಇರಿದ ಮಣಲೇರನಿಗೆ ಗಂಗರ ಬೂತುಗನು ಆತಕೂರು ಹನ್ನೆರಡನ್ನು ಕೊಟ್ಟನು. ಆದರೆ ಅದು ಪರಾಕ್ರಮಕ್ಕೆ ಸಂದ ಮೆಚ್ಚುಗೆಯೇ ಹೊರತು ಗಾಯಕ್ಕೆ ಸಂದ ಪರಿಹಾರವಲ್ಲ. ಎರಡನೆಯದಾಗಿ, ಸತ್ತವನ ಹೆಂಡತಿ ಕಲ್ಲಿನ ಮೇಲೆ ಬರುವುದು ಹೆಚ್ಚಾಗಿ ಚಿತೆಯೇರಿದ ಮೇಲೆ. ಬಳೆ ತೊಟ್ಟು ಮೇಲೆತ್ತಿದ ಕೈಯ ಮಾಸ್ತಿಕಲ್ಲು ಅವಳ ಗುರುತು. ಬದುಕುಳಿದು ಮಕ್ಕಳನ್ನು ಸಾಕಿದವಳನ್ನು ಶಿಲ್ಪಿ ಕಾಣಲಿಲ್ಲ, ಗದ್ದೆಯ ಫಸಲು ಮನೆಗೆ ತಂದವಳು ಅವಳೇ ಆಗಿದ್ದರೂ.

ಅರಸೊತ್ತಿಗೆಗಳು ದೊಡ್ಡವಾದಂತೆ ಊರಿಗೂ ಯೋಧನಿಗೂ ಇದ್ದ ನೇರ ನಂಟು ಸಡಿಲಗೊಂಡಿತು. ಮೈಸೂರು ಒಡೆಯರ ಕಾಲದ ಕಂದಾಚಾರದವರು, ಅಂದರೆ ಬೇಸಾಯ ಮಾಡುತ್ತಲೇ ಕರೆ ಬಂದಾಗ ಕೋಟೆ ಕಾಯುವ ಸ್ಥಳೀಯ ಕಾಲಾಳುಗಳು, ಹಳೆಯ ವ್ಯವಸ್ಥೆಯ ಕೊನೆಯ ಕೊಂಡಿಯೆನ್ನಬಹುದು. 1791ರಲ್ಲಿ ಶ್ರೀರಂಗಪಟ್ಟಣದತ್ತ ಹೊರಟ ಮರಾಠ ಸೇನಾನಿ ಪರಶುರಾಮ ಭಾವುವಿನ ಸೈನ್ಯ ಚಿಕ್ಕನಾಯಕನಹಳ್ಳಿಯನ್ನು ಕೊಳ್ಳೆ ಹೊಡೆದ ಬಗೆಯ ಘಟನೆಗಳಲ್ಲಿ ಊರೇ ಬರಿದಾದ ಮೇಲೆ, ಮಡಿದವರ ಮನೆಗೆ ಊರು ಕೊಡಬಹುದಾದುದೂ ಕಡಿಮೆಯೇ. 20ನೇ ಶತಮಾನದ ಯುದ್ಧ ಊರ ಗಡಿಯನ್ನು ಬಿಟ್ಟು ಸಮುದ್ರದಾಚೆ ಹೋಯಿತು; ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಹೈಫಾ ಪಟ್ಟಣವನ್ನು ಗೆದ್ದಾಗ, ಅಲ್ಲಿ ಬಿದ್ದವನ ಲೆಕ್ಕ ಇಟ್ಟದ್ದು ಸರ್ಕಾರ. ಸ್ವಾತಂತ್ರ್ಯಾನಂತರ 1954ರ ಮೈಸೂರು ಇನಾಂ ರದ್ದತಿ ಕಾಯ್ದೆಯು ವ್ಯಕ್ತಿಗಳ ಹೆಸರಿನ ಮಾನ್ಯಗಳಿಗೆ ತೆರೆ ಎಳೆಯಿತು. ಸೇವೆ ಸಲ್ಲಿಸಿದವನಿಗೆ ನೆಲ ಕೊಡುವ ಯೋಚನೆ ಮಾತ್ರ ಅಳಿಯಲಿಲ್ಲ; ಸರ್ಕಾರಿ ಜಮೀನು ಮಂಜೂರು ಮಾಡುವ 1969ರ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲು ಮೀಸಲಾಯಿತು.

ಹೀಗೆ ಸಿಕ್ಕ ನೆಲದಲ್ಲಿ ಏನು ಬೆಳೆಯಬೇಕೆಂಬಲ್ಲಿ ತೆಂಗಿನ ಮಾತು ಬರುತ್ತದೆ. ತಿಪಟೂರು ಟಾಲ್ ಎಂಬ ಎತ್ತರದ ತಳಿ ಫಲ ಬಿಡಲು ಹಲವು ವರ್ಷ ಹಿಡಿಯುತ್ತದೆ, ಆದರೆ ಒಮ್ಮೆ ನಿಂತರೆ ಎರಡು ತಲೆಮಾರಿಗೆ ಕಾಯಿ ಕೊಡುತ್ತದೆ. ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟು ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಮಾರಬಹುದು. ದಿನವೂ ನೇಗಿಲು ಹಿಡಿಯಲಾಗದ ಗಾಯಾಳುವಿಗೂ ಒಂಟಿ ಹೆಂಗಸಿಗೂ ಬತ್ತದ ಗದ್ದೆಗಿಂತ ಇದು ಹೊಂದುತ್ತದೆ. ಆದರೆ ಗಿಡ ಫಲಕ್ಕೆ ಬರುವವರೆಗಿನ ವರ್ಷಗಳನ್ನು ನೂಕುವುದೇ ಕಷ್ಟ, ಮತ್ತು ಮಂಜೂರಾದ ಬರಡು ನೆಲಕ್ಕೆ ನೀರಿಲ್ಲದಿದ್ದರೆ ತೋಟದ ಮಾತೇ ಇಲ್ಲ.

ಗಾಯಾಳುಗಳ ಪುನರ್ವಸತಿ ನೆಲೆಗೊಂಡದ್ದು ಈ ಸೀಮೆಯಿಂದ ದೂರದಲ್ಲಿ. ಅಂಗವಿಕಲ ಯೋಧರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬೈನಲ್ಲಿ ಹುಟ್ಟಿದ ಕ್ವೀನ್ ಮೇರಿ ಸಂಸ್ಥೆ ಮುಂದೆ ಪುಣೆಯ ಖಡ್ಕಿಗೆ ಹೋಯಿತು; ಬೆನ್ನುಹುರಿಗೆ ಏಟು ಬಿದ್ದವರಿಗಾಗಿ 1974ರಲ್ಲಿ ಅಲ್ಲಿಯೇ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ ತೆರೆಯಿತು. ಊರುಗಳಲ್ಲಿ ಉಳಿದದ್ದು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ. 1949ರಲ್ಲಿ ಆರಂಭವಾದ ಈ ಆಚರಣೆಯಲ್ಲಿ ಶಾಲೆಯ ಮಕ್ಕಳು ಮತ್ತು ಎನ್‌ಸಿಸಿ ಕೆಡೆಟ್‌ಗಳು ಡಬ್ಬಿ ಹಿಡಿದು ಪುಟ್ಟ ಧ್ವಜಗಳನ್ನು ಅಂಗಿಗೆ ಚುಚ್ಚಿ ಹಣ ಕೂಡಿಸುತ್ತಾರೆ. ಕೊಟ್ಟವನಿಗೆ ಪಡೆದವನ ಮುಖ ಗೊತ್ತಿಲ್ಲ, ಪಡೆದವನಿಗೆ ಕೊಟ್ಟವನ ಊರು ಗೊತ್ತಿಲ್ಲ. ಕೊಡಗೆಯ ಕಾಲದಲ್ಲಿ ಇಬ್ಬರೂ ಒಂದೇ ಕೆರೆಯ ನೀರು ಕುಡಿಯುತ್ತಿದ್ದರು. ಅದಕ್ಕೆ ಪ್ರತಿಯಾಗಿ, ಡಬ್ಬಿಯ ಹಣಕ್ಕೆ ಜಾತಿಯ ಹಂಗಿಲ್ಲ, ಗಾವುಂಡನ ಕೃಪೆಯೂ ಬೇಡ.

ಮುಖ ಪರಿಚಯದ ಕೊರತೆಯನ್ನು ಇತ್ತೀಚೆಗೆ ತುಂಬಲು ಹೊರಟವರಲ್ಲಿ ಯೋಧರ ಪತ್ನಿಯರೇ ಇದ್ದಾರೆ. 2007ರಲ್ಲಿ ಉರಿ ವಲಯದಲ್ಲಿ ಮಡಿದು ಮರಣೋತ್ತರ ಅಶೋಕ ಚಕ್ರ ಪಡೆದ ಕರ್ನಲ್ ವಸಂತ್ ಅವರ ಪತ್ನಿ, ಭರತನಾಟ್ಯ ಕಲಾವಿದೆ ಸುಭಾಷಿಣಿ ವಸಂತ್, ಬೆಂಗಳೂರಿನಲ್ಲಿ ವಸಂತರತ್ನ ಫೌಂಡೇಷನ್ ಕಟ್ಟಿ, ಯೋಧರ ವಿಧವೆಯರ ಮತ್ತು ಮಕ್ಕಳ ವಿದ್ಯಾಭ್ಯಾಸದ ಕೆಲಸಕ್ಕೆ ಕೈಹಾಕಿದರು.